ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್ ‘ಫಾಲ್ಟ್’ ತೋರಿಸಿದರೆ ಎಲ್ಲಿಂದ ಹುಡುಕಬೇಕು?

ವಿಮಾನದ ರೆಕ್ಕೆ, ಬಾಲಗಳನ್ನು ಆಡಿಸುವ ಕಂಪ್ಯೂಟರ್ ಒಂದೇ ಇರುವುದಿಲ್ಲ. ಏರ್‌ಬಸ್ ಎ320ಯಲ್ಲಿ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ) ಮತ್ತು ಎಲಿವೇಟರ್‌ಗೆ (ಮೂತಿಯನ್ನು ಏರಿಳಿಸುವ ಬಾಲದ ಹಲಗೆ) ಎರಡು ಎಲಾಕ್, ಸ್ಪಾಯ್ಲರ್‌ಗಳಿಗೆ (ರೆಕ್ಕೆಯ ಮೇಲೆ ಏಳುವ ಹಲಗೆ) ಮೂರು ಸೆಕ್, ರಡರ್‌ಗೆ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಎರಡು ಫ್ಯಾಕ್ ಎಂಬ ಕಂಪ್ಯೂಟರ್‌ಗಳಿವೆ. ಬೋಯಿಂಗ್ 777ರಲ್ಲಿ ಮೂರು ಮುಖ್ಯ ಕಂಪ್ಯೂಟರ್, ಒಂದೊಂದರ ಒಳಗೂ ಮೂರು ಲೇನ್, ಅಂದರೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಮೂರು ಭಾಗ. ನಮ್ಮ ತೇಜಸ್ ಯುದ್ಧವಿಮಾನದಲ್ಲಿ ಅಂಥವೇ ನಾಲ್ಕು ಭಾಗ, ಅವಕ್ಕೆ ಚಾನೆಲ್ ಅನ್ನುತ್ತಾರೆ. ಅದರ ಕಂಪ್ಯೂಟರನ್ನು ರೂಪಿಸಿದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಡಿಇ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದೂ ಬೆಂಗಳೂರಿನಲ್ಲೇ. ಅದು ತಾನಾಗಿ ಸ್ಥಿರವಾಗಿ ಹಾರುವ ವಿಮಾನ ಅಲ್ಲ. ಕಂಪ್ಯೂಟರ್ ಇಲ್ಲದೆ ಪೈಲಟ್ ಕೈಗೆ ಅದು ಸಿಗುವುದೇ ಇಲ್ಲ.

ಒಂದು ಕೆಟ್ಟರೂ ಉಳಿದವು ವಿಮಾನವನ್ನು ಹಿಡಿದುಕೊಳ್ಳಲಿ ಅಂತ ಇಷ್ಟೊಂದು ಕಂಪ್ಯೂಟರ್. ಅದಕ್ಕಾಗಿ ಅವು ತಮ್ಮ ಲೆಕ್ಕಗಳನ್ನು ಸದಾ ಹೋಲಿಸಿ ನೋಡುತ್ತಿರುತ್ತವೆ. ಹೊಂದದ್ದನ್ನು ಹೊರಗೆ ಹಾಕುತ್ತವೆ. ಹುಡುಕಾಟಕ್ಕೆ ಇಳಿಯುವವರು ಒಂದು ವಿಷಯ ನೆನಪಿಡಬೇಕು. ಈ ಹೋಲಿಕೆಯಿಂದ ಗೊತ್ತಾಗುವುದು ಯಾವ ಉತ್ತರ ಬೇರೆ ಬಂತು ಎಂಬುದಷ್ಟೇ. ಯಾವುದು ತಪ್ಪು, ಯಾಕೆ ತಪ್ಪು ಅಂತ ಗೊತ್ತಾಗುವುದಿಲ್ಲ. ‘ಫಾಲ್ಟ್’ ದೀಪ ಹತ್ತಿದ ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ ಹೊಸದು ಹಾಕಿ ಸುಮ್ಮನಾದರೆ, ನಿಜವಾದ ದೋಷ ವಿಮಾನದಲ್ಲೇ ಉಳಿದಿರಬಹುದು.

ಇದನ್ನು ಬರೆದದ್ದು ಲೈನ್‌ನಲ್ಲಿ (ಹಾರಾಟಗಳ ನಡುವೆ ವಿಮಾನ ನಿಲ್ಲುವ ಕಡೆ), ಹ್ಯಾಂಗರ್‌ನಲ್ಲಿ, ಟೆಸ್ಟ್ ರಿಗ್ (ವಿಮಾನದ ಭಾಗಗಳನ್ನು ನೆಲದ ಮೇಲೆ ಜೋಡಿಸಿ ಪರೀಕ್ಷಿಸುವ ಚೌಕಟ್ಟು) ಮೇಲೆ ಹೊಸದಾಗಿ ಕೈ ಇಟ್ಟವರಿಗಾಗಿ. ನಿಮ್ಮ ವಿಮಾನದ ಮೇಂಟೆನೆನ್ಸ್ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು. ಇಲ್ಲಿರುವುದು ಆ ಹಂತಗಳ ಹಿಂದಿನ ಕಾರಣ.

ಮುಟ್ಟುವ ಮೊದಲು

ಹೈಡ್ರಾಲಿಕ್ ಒತ್ತಡ ಇರುವಾಗ ಕಂಪ್ಯೂಟರ್ ರಿಸೆಟ್ ಮಾಡಿದರೆ ಏಲೆರಾನ್, ಎಲಿವೇಟರ್ ಹೇಳದೆ ಕೇಳದೆ ಚಲಿಸಬಹುದು. ಎ320ಯಲ್ಲಿ ಈ ಒತ್ತಡ 3000 ಪಿಎಸ್ಐ. ನಡುವೆ ಕೈ ಸಿಕ್ಕರೆ ಮೂಳೆ ಉಳಿಯುವುದಿಲ್ಲ. ಹೊರಗೆ ಹೆಡ್‌ಸೆಟ್ ಹಾಕಿಕೊಂಡ ಒಬ್ಬರು ಇರಲೇಬೇಕು. ಅವರು ‘ಕ್ಲಿಯರ್’ ಅನ್ನುವ ತನಕ ಒಳಗಿರುವವರು ಯಾವ ಬಟನ್ನೂ ಒತ್ತಬಾರದು. ಹೊರಗೆಳೆದ ಸರ್ಕ್ಯೂಟ್ ಬ್ರೇಕರ್‌ಗೆ (ವಿದ್ಯುತ್ ಕಡಿಯುವ ಗುಂಡಿ) ಯಾರೂ ಮತ್ತೆ ಒತ್ತದಂತೆ ಕಾಲರ್ ಹಾಕಿ ಟ್ಯಾಗ್ ಕಟ್ಟಿ. ವೇಗ ಅಳೆಯುವ ಪಿಟೋ ಕೊಳವೆ, ಗಾಳಿ ಯಾವ ಕೋನದಲ್ಲಿ ಬರುತ್ತಿದೆ ಅಂತ ಅಳೆಯುವ ಆಂಗಲ್ ಆಫ್ ಅಟ್ಯಾಕ್ ಸೆನ್ಸರ್‌ಗಳ ಹೀಟರ್ ಆನ್ ಇದ್ದರೆ ಮುಟ್ಟಿದ ಕೂಡಲೇ ಚರ್ಮ ಸುಡುತ್ತದೆ. ಪೆಟ್ಟಿಗೆ ಬಿಚ್ಚುವಾಗ ಮಣಿಕಟ್ಟಿಗೆ ಸ್ಟ್ಯಾಟಿಕ್ ಸ್ಟ್ರ್ಯಾಪ್ ಇರಲಿ. ಪಿನ್‌ಗಳಿಗೆ ಬೆರಳು ತಾಗಿಸಬೇಡಿ.

ಲಕ್ಷಣ: ದೀಪ ಹತ್ತುತ್ತದೆ, ರಿಸೆಟ್ ಮಾಡಿದರೆ ಹೋಗುತ್ತದೆ

ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಮೊದಲು ಕೇಳಬೇಕಾದ ಪ್ರಶ್ನೆಗೆ ಖರ್ಚೇ ಇಲ್ಲ: ದೀಪ ಯಾವಾಗ ಹತ್ತಿತು? ಗ್ರೌಂಡ್ ಪವರ್‌ನಿಂದ ಎಪಿಯುಗೆ (ವಿದ್ಯುತ್ ಕೊಡುವ ಚಿಕ್ಕ ಎಂಜಿನ್), ಎಪಿಯುನಿಂದ ಎಂಜಿನ್ ಜನರೇಟರ್‌ಗೆ ವಿದ್ಯುತ್ ಬದಲಾಗುವ ಹೊತ್ತಲ್ಲಿ ಒಂದು ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಎ320ಯ ಒಂದೊಂದು ಕಂಪ್ಯೂಟರ್ ಒಳಗೂ ಎರಡು ಚಾನೆಲ್ ಇವೆ. ಒಂದು ಆದೇಶ ಕೊಡುತ್ತದೆ, ಇನ್ನೊಂದು ಅದನ್ನು ಕಾಯುತ್ತದೆ. ಎರಡರ ಲೆಕ್ಕ ಹೊಂದದಿದ್ದರೆ ಪೆಟ್ಟಿಗೆ ತನ್ನನ್ನು ತಾನೇ ಹೊರಗಿಟ್ಟುಕೊಳ್ಳುತ್ತದೆ. ವೋಲ್ಟೇಜ್ ಕುಸಿತದಿಂದಲೂ ಹೀಗಾಗಬಹುದು. ಹಾಗಾದರೆ ಮ್ಯಾನುಯಲ್ ಹೇಳಿದ ರಿಸೆಟ್ ಕ್ರಮ, ಅದು ಹೇಳಿದಷ್ಟು ಕಾಯುವಿಕೆ, ಆಮೇಲೆ ಟೆಸ್ಟ್. ಪಾಸಾದರೆ ಸರಿ.

ಆದರೆ ಲಾಗ್‌ನಲ್ಲಿ ಹಿಂದಕ್ಕೆ ಹೋಗಿ ನೋಡದೆ ಸಹಿ ಹಾಕಬೇಡಿ. ಇದೇ ದೂರು ಮೊದಲೂ ಬಂದಿದ್ದರೆ ರಿಸೆಟ್ ಅನ್ನುವುದು ರಿಪೇರಿ ಅಲ್ಲ. 2014ರ ಡಿಸೆಂಬರ್ 28ರಂದು ಸುರಬಾಯದಿಂದ ಸಿಂಗಪುರಕ್ಕೆ ಹೊರಟ ಏರ್‌ಏಷ್ಯಾ ಎ320 ಜಾವಾ ಸಮುದ್ರಕ್ಕೆ ಬಿದ್ದು 162 ಜನ ತೀರಿಕೊಂಡರು. ರಡರ್ ಎಷ್ಟು ತಿರುಗಬಹುದು ಅಂತ ಮಿತಿ ಹಾಕುವ ಘಟಕದಲ್ಲಿ ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಬಿಸಿ, ತಂಪು ಆದಂತೆ ಅದು ಕೂಡುತ್ತಿತ್ತು, ಬಿಡುತ್ತಿತ್ತು. ಹಿಂದಿನ 12 ತಿಂಗಳಲ್ಲಿ ಇದೇ ವ್ಯವಸ್ಥೆಯ ದೂರು 23 ಸಲ ದಾಖಲಾಗಿತ್ತು. ನೆಲದ ಮೇಲೆ ಟೆಸ್ಟ್ ಮಾಡಿದಾಗ ಬೆಸುಗೆ ಕೂಡಿಕೊಂಡಿರುತ್ತಿತ್ತು, ಹಾಗಾಗಿ ಪಾಸ್. ಕೊನೆಯ ಹಾರಾಟದಲ್ಲಿ ಸಂದೇಶ ನಾಲ್ಕನೇ ಸಲ ಬಂದಾಗ ಕಾಕ್‌ಪಿಟ್‌ನಲ್ಲಿ ಫ್ಯಾಕ್‌ಗಳ ಬ್ರೇಕರ್ ಎಳೆದರು. ಆಟೋಪೈಲಟ್ ಕಳಚಿತು. ಕಂಪ್ಯೂಟರ್ ಕೊಡುವ ರಕ್ಷಣೆ ಕಡಿಮೆಯಾಯಿತು. ವಿಮಾನ ಒಂದು ಕಡೆ ವಾಲಿ, ಆಮೇಲೆ ಸ್ಟಾಲ್ ಆಯಿತು, ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಶಕ್ತಿ ಹೋಯಿತು. ಅದೇ ಕ್ಯಾಪ್ಟನ್ ಕೆಲವು ದಿನ ಮೊದಲು ನೆಲದ ಮೇಲೆ ಎಂಜಿನಿಯರ್ ಆ ಬ್ರೇಕರ್ ಎಳೆದು ಹಾಕುವುದನ್ನು ಕಂಡಿದ್ದರು.

ನನ್ನ ಪ್ರಕಾರ ಪೂರ್ತಿ ಕೆಟ್ಟ ಪೆಟ್ಟಿಗೆಗಿಂತ ಆಗಾಗ ಕೆಡುವ ಪೆಟ್ಟಿಗೆ ಜಾಸ್ತಿ ಅಪಾಯ. ಕೆಟ್ಟದ್ದನ್ನು ಬದಲಿಸುತ್ತೇವೆ. ಆಗಾಗ ಕೆಡುವುದರ ಜೊತೆ ಬದುಕುವುದನ್ನು ಕಲಿತುಬಿಡುತ್ತೇವೆ. ಒಂದೇ ದೂರು ಮತ್ತೆ ಬಂದರೆ ಅಲ್ಲಿಗೆ ರಿಸೆಟ್ ನಿಲ್ಲಿಸಿ, ಅದನ್ನು ದೋಷ ಅಂತಲೇ ತೆರೆಯಿರಿ. ಪೈಲಟ್ ಪಕ್ಕದಲ್ಲಿದ್ದರೆ ಇಷ್ಟು ಹೇಳಿ: “ಸರ್, ಈ ಬ್ರೇಕರ್ ಎಳೆಯೋದು ನೆಲದ ಮೇಲೆ ಮಾತ್ರ ಮಾಡೋದು. ಹಾರುವಾಗ ಮಾಡಬೇಡಿ.”

ಲಕ್ಷಣ: ಒಂದೇ ಕಂಪ್ಯೂಟರ್ ಪದೇ ಪದೇ ಹೊರಬೀಳುತ್ತದೆ

ಇಲ್ಲಿ ಪ್ರಶ್ನೆ ಸರಳ. ದೋಷ ಪೆಟ್ಟಿಗೆಯಲ್ಲಿದೆಯೋ, ಅದು ಕೂರುವ ಜಾಗದಲ್ಲಿದೆಯೋ? ಮೊದಲು ಪವರ್ ತೆಗೆದು, ಪೆಟ್ಟಿಗೆ ರ್ಯಾಕ್‌ನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಅರ್ಧ ಕೂತ ಪೆಟ್ಟಿಗೆ ಅಲುಗಾಟಕ್ಕೆ ಬಿಟ್ಟು ಬಿಟ್ಟು ಸೇರುತ್ತದೆ. ಹೊರಗೆಳೆದು ಹಿಂಬದಿಯ ಕನೆಕ್ಟರ್‌ಗೆ ಟಾರ್ಚ್ ಹಾಕಿ. ಬಾಗಿದ ಪಿನ್, ಒಳಕ್ಕೆ ಹೋದ ಪಿನ್, ಹಸಿರು ಕಲೆ, ತೇವ ಇವೆಯೇ? ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟ ವಿಮಾನದಲ್ಲಿ ತೇವದ ಅನುಮಾನ ಮೊದಲು ಬರಬೇಕು.

ಪಿನ್ ಚೆನ್ನಾಗಿದ್ದರೆ, ಮ್ಯಾನುಯಲ್ ಒಪ್ಪುವ ಕಡೆ, ಒಂದೇ ಪಾರ್ಟ್ ನಂಬರಿನ ಎರಡು ಪೆಟ್ಟಿಗೆಗಳನ್ನು ಅದಲುಬದಲು ಮಾಡಿ. 1ರ ಜಾಗದ ದೂರು 2ಕ್ಕೆ ಹೋದರೆ ಪೆಟ್ಟಿಗೆ ಕೆಟ್ಟಿದೆ. ದೂರು 1ರಲ್ಲೇ ಉಳಿದರೆ ವೈರಿಂಗ್, ಪವರ್, ಸೆನ್ಸರ್ ಅಥವಾ ಆ ಕಂಪ್ಯೂಟರ್ ನಡೆಸುವ ಆಕ್ಚುಯೇಟರ್ (ಹಲಗೆಯನ್ನು ಆಡಿಸುವ ಯಂತ್ರ) ಕಡೆ ಹೋಗಿ. ದೂರು ಎರಡೂ ಕಡೆ ಮಾಯವಾದರೆ ಖುಷಿ ಪಡಬೇಡಿ. ಪೆಟ್ಟಿಗೆ ತೆಗೆದು ಹಾಕುವಾಗ ಪಿನ್ ಉಜ್ಜಿಕೊಂಡು ಸಂಪರ್ಕ ಸರಿಯಾಗಿರುತ್ತದೆ, ಅಷ್ಟೇ. ಅಂಥದ್ದು ಮತ್ತೆ ಬರುತ್ತದೆ.

ವೈರಿಂಗ್ ಅಳೆಯುವಾಗ ಒಂದು ಎಚ್ಚರಿಕೆ. ಇನ್ಸುಲೇಶನ್ ನೋಡಲು ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಅಳೆಯುವ ಮೀಟರ್) ಹಚ್ಚುವ ಮೊದಲು ವೈರಿನ ಎರಡೂ ತುದಿಯ ಪೆಟ್ಟಿಗೆಗಳನ್ನು ಬಿಚ್ಚಿರಬೇಕು. ಇಲ್ಲದಿದ್ದರೆ ನೂರಾರು ವೋಲ್ಟ್ ಕಂಪ್ಯೂಟರ್ ಒಳಗೆ ಹೋಗಿ, ಇಲ್ಲದ ದೋಷವನ್ನು ನಾವೇ ಮಾಡಿದಂತಾಗುತ್ತದೆ.

ಲಕ್ಷಣ: ಎರಡು ಸೆನ್ಸರ್ ಒಂದು ಮಾತು, ಮೂರನೆಯದು ಬೇರೆ ಮಾತು

ಬೇರೆ ಹೇಳಿದ್ದನ್ನು ಬದಲಿಸುವ ಮುಂಚೆ ತಡೆಯಿರಿ. ಎರಡು ಸೆನ್ಸರ್ ಒಂದೇ ರೀತಿ ಕೆಟ್ಟಿದ್ದರೆ ಸರಿಯಾಗಿರುವ ಮೂರನೆಯದನ್ನೇ ಕಂಪ್ಯೂಟರ್ ಹೊರಗೆ ಹಾಕುತ್ತದೆ. ಇದು ಬರೀ ಪುಸ್ತಕದ ಮಾತಲ್ಲ.

2008ರ ನವೆಂಬರ್ 27ರಂದು ಫ್ರಾನ್ಸಿನ ಪೆರ್ಪಿನ್ಯಾ ಬಳಿ ಹಸ್ತಾಂತರಕ್ಕೆ ಮುಂಚಿನ ತಪಾಸಣಾ ಹಾರಾಟದಲ್ಲಿದ್ದ ಎ320 ಸಮುದ್ರಕ್ಕೆ ಬಿತ್ತು. ಒಳಗಿದ್ದ 7 ಜನರೂ ಹೋದರು. ಮೂರು ದಿನ ಮೊದಲು ಬಣ್ಣದ ಕೆಲಸದ ನಂತರ ವಿಮಾನವನ್ನು ನೀರು ಹೊಡೆದು ತೊಳೆದಿದ್ದರು. ಆಂಗಲ್ ಆಫ್ ಅಟ್ಯಾಕ್ ಸೆನ್ಸರ್‌ಗಳಿಗೆ ರಕ್ಷಣೆ ಕಟ್ಟಿರಲಿಲ್ಲ. ಒಳಗೆ ಸೇರಿದ ನೀರು ಮೇಲಿನ ಚಳಿಗೆ ಹೆಪ್ಪುಗಟ್ಟಿ, ಮೂರರಲ್ಲಿ ಎರಡು ಸೆನ್ಸರ್ ಒಂದೇ ಕೋನದಲ್ಲಿ ಸಿಕ್ಕಿಕೊಂಡವು. 2014ರ ನವೆಂಬರ್ 5ರಂದು ಬಿಲ್ಬಾವೊದಿಂದ ಮ್ಯೂನಿಕ್‌ಗೆ ಹೊರಟ ಎ321ರಲ್ಲೂ ಏರುವಾಗ ಎರಡು ಸೆನ್ಸರ್ ಹೆಪ್ಪುಗಟ್ಟಿದವು. ಸ್ಟಾಲ್ ತಡೆಯುವ ರಕ್ಷಣೆ ಅವನ್ನು ನಂಬಿ ಮೂತಿಯನ್ನು ಕೆಳಕ್ಕೆ ಒತ್ತಿತು. ವಿಮಾನ ನಿಮಿಷಕ್ಕೆ ಸುಮಾರು 4000 ಅಡಿ ವೇಗದಲ್ಲಿ ಇಳಿಯತೊಡಗಿತು. ಪೈಲಟ್‌ಗಳು ವಿಮಾನ ನಡೆಸುವ ಕೋಲನ್ನು ಹಿಂದಕ್ಕೆ ಎಳೆದು ಹಿಡಿದು, ನೆಲದ ಎಂಜಿನಿಯರ್‌ಗಳ ಜೊತೆ ಮಾತಾಡಿ, ಒಂದು ಏರ್ ಡೇಟಾ ಘಟಕವನ್ನು (ಇಂಥ ಸೆನ್ಸರ್‌ಗಳ ಅಂಕಿಯನ್ನು ಕಂಪ್ಯೂಟರ್‌ಗಳಿಗೆ ಕಳಿಸುವ ಪೆಟ್ಟಿಗೆ) ಆಫ್ ಮಾಡಿ ಆ ರಕ್ಷಣೆಯಿಂದ ಬಿಡಿಸಿಕೊಂಡರು. ಎಲ್ಲರೂ ಸುರಕ್ಷಿತವಾಗಿ ಇಳಿದರು.

ಎರಡೂ ಸಲ ಕಂಪ್ಯೂಟರ್‌ಗಳು ಕೆಟ್ಟಿರಲಿಲ್ಲ. ಅವು ಬಹುಮತವನ್ನು ನಂಬಿದವು.

ಹಾಗಾಗಿ ನೋಡುವ ಕ್ರಮ ಹೀಗಿರಲಿ. ಹೀಟರ್ ಆಫ್ ಮಾಡಿ, ತಣ್ಣಗಾಗಲು ಬಿಡಿ. ಕವರ್, ಟೇಪ್, ಹುಳ, ಬಣ್ಣದ ಪೊರೆ ಏನಾದರೂ ಇದೆಯೇ? ವೇನ್ ಅನ್ನು (ಸೆನ್ಸರ್‌ನ ಗಾಳಿಗೆ ತಿರುಗುವ ಎಸಳು) ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಆಡಿಸಿ. ಒಂದೇ ಹಗುರದಲ್ಲಿ ತಿರುಗಬೇಕು. ನಡುವೆ ಎಲ್ಲೂ ಹಿಡಿಯಬಾರದು. ಮೂರನ್ನೂ ಒಂದೇ ಕೋನಕ್ಕೆ ಇಟ್ಟು ಕಾಕ್‌ಪಿಟ್‌ನಲ್ಲಿ ಮೂರು ಅಂಕಿ ಓದಿಸಿ. ಇತ್ತೀಚೆಗೆ ತೊಳೆದಿದ್ದಾರಾ, ಪೇಂಟ್ ಮಾಡಿದ್ದಾರಾ ಅಂತ ಕೇಳಿ. ಆಮೇಲೆ ಹಾರಾಟದ ರೆಕಾರ್ಡರ್ ಡೇಟಾ ತರಿಸಿಕೊಳ್ಳಿ. ಗಾಳಿಯಲ್ಲಿರುವ ವಿಮಾನದ ವೇನ್ ಸುಮ್ನೆ ಇರುವುದಿಲ್ಲ, ಸದಾ ಸ್ವಲ್ಪ ನಡುಗುತ್ತದೆ. ಗೆರೆ ಇಸ್ತ್ರಿ ಮಾಡಿದ ಹಾಗೆ ನೇರ ಬಂದಿದ್ದರೆ ಅದು ಸಿಕ್ಕಿಕೊಂಡ ಸೆನ್ಸರ್. ಅಂಥವು ಎರಡು ಕಂಡರೆ ವಿಮಾನ ನಿಲ್ಲಬೇಕು.

ಲಕ್ಷಣ: ಕೋಲು ವೇಗವಾಗಿ ಆಡಿಸಿದಾಗ ಮಾತ್ರ ಚಾನೆಲ್ ಹೊಂದುವುದಿಲ್ಲ

ಇದು ಬಹುತೇಕ ರಿಗ್ ಮೇಲೆ ಎದುರಾಗುವ ತಲೆನೋವು. ನಾಲ್ಕು ಚಾನೆಲ್‌ಗಳೂ ಒಂದೇ ಕೋಲಿನ ಸೆನ್ಸರ್ ಓದುತ್ತವೆ. ಆದರೆ ಓದುವ ಕ್ಷಣ ಒಂದೇ ಇರಬೇಕಲ್ವಾ? ಒಂದು ಲೆಕ್ಕ ಮಾಡಿ ನೋಡೋಣ. ಕೋಲು ಸೆಕೆಂಡಿಗೆ 40 ಡಿಗ್ರಿ ವೇಗದಲ್ಲಿ ಹೋಗುತ್ತಿದೆ. ಎರಡು ಚಾನೆಲ್‌ಗಳು 10 ಮಿಲಿಸೆಕೆಂಡ್ ಹಿಂದುಮುಂದು ಓದಿದವು. ವ್ಯತ್ಯಾಸ 0.4 ಡಿಗ್ರಿ. ಮಿತಿ 0.3 ಡಿಗ್ರಿ ಇಟ್ಟಿದ್ದರೆ ಏನೂ ಕೆಡದೆಯೇ ದೋಷ ಬಂತು. ಅದೇ ಕೋಲನ್ನು ಸೆಕೆಂಡಿಗೆ 5 ಡಿಗ್ರಿಯಂತೆ ಆಡಿಸಿದರೆ ವ್ಯತ್ಯಾಸ 0.05. ಎಲ್ಲಾ ಚೆನ್ನ.

ಮೂರು ರೀತಿ ಆಡಿಸಿ ನೋಡಿ. ಮೊದಲು ಕೋಲನ್ನು ಒಂದು ಕಡೆಗೆ ಪೂರ್ತಿ ತಳ್ಳಿ ಹಿಡಿಯಿರಿ. ನಿಂತಾಗಲೂ ವ್ಯತ್ಯಾಸ ಉಳಿದರೆ ಅದು ಸೆನ್ಸರ್‌ನ ಹೊಂದಿಕೆ ತಪ್ಪಿದ್ದು, ರಿಗ್ಗಿಂಗ್ (ಸೆನ್ಸರ್ ಹೊಂದಿಸುವ ಕೆಲಸ) ಮತ್ತೆ ಮಾಡಬೇಕು. ಆಮೇಲೆ ನಿಧಾನವಾಗಿ ಪೂರ್ತಿ ದೂರ ಓಡಿಸಿ. ಪ್ರತಿ ಸಲ ಒಂದೇ ಜಾಗದಲ್ಲಿ ತಪ್ಪಿದರೆ ಕೇಬಲ್ ಅಲ್ಲೇ ಮಡಚಿ ಎಳೆಯುತ್ತಿದೆ. ಕೊನೆಗೆ ವೇಗವಾಗಿ. ವೇಗ ಹೆಚ್ಚಿದಷ್ಟೂ ವ್ಯತ್ಯಾಸವೂ ಅದೇ ಲೆಕ್ಕದಲ್ಲಿ ಹೆಚ್ಚಿದರೆ ಇದು ಸಮಯದ ದೋಷ. ಚಾನೆಲ್‌ಗಳ ಗಡಿಯಾರ ಕೂಡುತ್ತಿಲ್ಲ.

ಸೆನ್ಸರ್ ಎಲ್‌ವಿಡಿಟಿ (ಸುರುಳಿಗಳ ವೋಲ್ಟೇಜ್‌ನಿಂದ ಸ್ಥಾನ ಅಳೆಯುವಂಥದ್ದು) ಆಗಿದ್ದರೆ ಇನ್ನೊಂದು ಒಳ್ಳೆಯ ಕುರುಹು ಸಿಗುತ್ತದೆ. ಕಂಟ್ರೋಲ್ ಸಿಸ್ಟಂಗಳಲ್ಲಿ ಬಳಸುವ ಬಹಳಷ್ಟು ಎಲ್‌ವಿಡಿಟಿಗಳಲ್ಲಿ ಎರಡು ಹೊರ ಸುರುಳಿಗಳ ವೋಲ್ಟೇಜ್ ಕೂಡಿಸಿದರೆ ಮೊತ್ತ ಹೆಚ್ಚುಕಡಿಮೆ ಒಂದೇ ಇರುತ್ತದೆ, ಕೋಲು ಎಲ್ಲಿದ್ದರೂ ಸರಿ. ಮೊತ್ತ ಕುಸಿದರೆ ವೈರ್ ತುಂಡಾಗಿದೆ ಅಥವಾ ಸೆನ್ಸರ್‌ಗೆ ಹೋಗುವ ಪವರ್ ಇಲ್ಲ. ಮೊತ್ತ ಸರಿಯಿದ್ದು ಅಂಕಿ ಮಾತ್ರ ತಪ್ಪಿದರೆ ಹೊಂದಿಕೆಯನ್ನು ನೋಡಿ.

ಮಿತಿಯನ್ನು ದೊಡ್ಡದು ಮಾಡಿಬಿಟ್ಟರೆ ದೀಪ ಆರುತ್ತದೆ, ಟೆಸ್ಟ್ ಮುಗಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಿತಿಯ ಮೇಲೆ ಕಂಟ್ರೋಲ್ ಲಾ (ಕೋಲು ಆಡಿಸಿದರೆ ವಿಮಾನ ಹೇಗೆ ನಡೆಯಬೇಕು ಎಂಬ ಸೂತ್ರ) ಬರೆದವರ ಲೆಕ್ಕ ನಿಂತಿದೆ. ಕೆಟ್ಟ ಚಾನೆಲ್ ಹೊರಬೀಳುವಷ್ಟರಲ್ಲಿ ವಿಮಾನ ಎಷ್ಟು ವಾಲಬಹುದು ಎಂಬುದನ್ನು ತೀರ್ಮಾನಿಸುವುದೂ ಅದೇ. ಬದಲಿಸಬೇಕಾದರೆ ಅವರೇ ಬದಲಿಸಲಿ.

ಸಮಯದ ದೋಷ ಎಷ್ಟು ಚೆನ್ನಾಗಿ ಅಡಗಿ ಕೂರುತ್ತದೆ ಅನ್ನುವುದಕ್ಕೆ ಅಮೆರಿಕದ ಸ್ಪೇಸ್ ಶಟಲ್ ಸಾಕ್ಷಿ. ಅದರಲ್ಲಿ ಐದು ಕಂಪ್ಯೂಟರ್. ನಾಲ್ಕರಲ್ಲಿ ಒಂದೇ ಸಾಫ್ಟ್‌ವೇರ್, ಐದನೆಯದರಲ್ಲಿ ಬೇರೆಯವರು ಬರೆದದ್ದು. 1981ರ ಏಪ್ರಿಲ್ 10ರಂದು ಮೊದಲ ಉಡಾವಣೆಯ ಹೊತ್ತಿಗೆ ಐದನೆಯದು ಉಳಿದ ನಾಲ್ಕರ ಜೊತೆ ತಾಳ ಕೂಡಿಸಿಕೊಳ್ಳಲೇ ಇಲ್ಲ. ಯಾವ ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ಕಂಪ್ಯೂಟರ್ ಶುರುವಾಗುವ ಕ್ಷಣದಲ್ಲೇ ಸಮಯ ಜಾರುವ ಸಾಧ್ಯತೆ 67ರಲ್ಲಿ ಒಂದು ಇತ್ತು. ಅಷ್ಟೂ ಟೆಸ್ಟ್‌ಗಳಲ್ಲಿ ಸಿಗದ್ದು ಅಂದು ಸಿಕ್ಕಿತು. ಮತ್ತೆ ಶುರು ಮಾಡಿ, ಏಪ್ರಿಲ್ 12ರಂದು ಹಾರಿಸಿದರು. ರಿಗ್‌ನಲ್ಲಿ ಪವರ್ ಆಫ್ ಮಾಡಿ ಆನ್ ಮಾಡಿದರೆ ಒಮ್ಮೊಮ್ಮೆ ಮಾತ್ರ ಬರುವ ದೋಷ ಕಂಡರೆ ಇದನ್ನು ನೆನಪಿಸಿಕೊಳ್ಳಿ. ಪ್ರತಿ ಸಲ ಚಾನೆಲ್‌ಗಳು ಯಾವ ಕ್ರಮದಲ್ಲಿ, ಎಷ್ಟು ಅಂತರದಲ್ಲಿ ಎದ್ದವು ಅಂತ ದಾಖಲಿಸಿ.

ಲಕ್ಷಣ: ಒಂದು ಕ್ಷಣದ ವಿಚಿತ್ರ ಅಂಕಿ, ಟೆಸ್ಟ್ ಮಾಡಿದರೆ ‘ನೋ ಫಾಲ್ಟ್ ಫೌಂಡ್’

2008ರ ಅಕ್ಟೋಬರ್ 7. ಸಿಂಗಪುರದಿಂದ ಪರ್ತ್‌ಗೆ ಹೊರಟ ಕ್ವಾಂಟಾಸ್ ಎ330 ಆಸ್ಟ್ರೇಲಿಯಾದ ಲಿಯರ್ಮಂತ್ ಬಳಿ 37,000 ಅಡಿಯಲ್ಲಿತ್ತು. ಇದ್ದಕ್ಕಿದ್ದಂತೆ ಮೂತಿ ಕೆಳಗೆ ಹೋಯಿತು. ಬೆಲ್ಟ್ ಹಾಕದವರು ಛಾವಣಿಗೆ ಬಡಿದರು. 100ಕ್ಕೂ ಜಾಸ್ತಿ ಜನರಿಗೆ ಗಾಯವಾಯಿತು.

ಒಂದನೇ ಏರ್ ಡೇಟಾ ಘಟಕ ಆಂಗಲ್ ಆಫ್ ಅಟ್ಯಾಕ್ ಅಂತ ಆಗಾಗ ಸುಳ್ಳು ಅಂಕಿ ಕಳಿಸುತ್ತಿತ್ತು. ಕಂಪ್ಯೂಟರ್‌ನಲ್ಲಿ ಇದಕ್ಕೆ ತಡೆ ಇತ್ತು. ಅಂಕಿ ದಿಢೀರ್ ಹಾರಿದರೆ 1.2 ಸೆಕೆಂಡ್ ಕಾಲ ಹಳೆಯ ಅಂಕಿಯನ್ನೇ ಇಟ್ಟುಕೊಳ್ಳುತ್ತಿತ್ತು. ಸರಿಯಾಗಿ 1.2 ಸೆಕೆಂಡ್ ಮುಗಿಯುವ ಹೊತ್ತಿಗೆ ಇನ್ನೊಂದು ಸುಳ್ಳು ಅಂಕಿ ಬಂದರೆ ಅದು ಒಳಗೆ ನುಸುಳಬಹುದಿತ್ತು. ಅಂದು ನುಸುಳಿತು. ಘಟಕವನ್ನು ಬಿಚ್ಚಿ ಬೇಕಾದಷ್ಟು ಟೆಸ್ಟ್ ಮಾಡಿದರು, ದೋಷ ಮತ್ತೆ ತೋರಲೇ ಇಲ್ಲ. ಅದೇ ಘಟಕ 2006ರ ಸೆಪ್ಟೆಂಬರ್‌ನಲ್ಲೂ ಇಂಥದ್ದೇ ವರ್ತನೆ ತೋರಿಸಿತ್ತು.

ಇದರಿಂದ ಕೆಲಸಕ್ಕೆ ಬರುವ ಪಾಠ ಎರಡು. ವಿಮಾನದ ಇತಿಹಾಸ ನೋಡಿದರೆ ಸಾಲದು, ಪೆಟ್ಟಿಗೆಯ ಸೀರಿಯಲ್ ನಂಬರ್ ಹಿಡಿದು ಅದರ ಇತಿಹಾಸವನ್ನೂ ನೋಡಿ. ಬೇರೆ ವಿಮಾನದಿಂದ ಇದೇ ದೂರಿನೊಂದಿಗೆ ಇಳಿದು, ‘ಸರಿ ಇದೆ’ ಅಂತ ಮರಳಿ ಬಂದ ಪೆಟ್ಟಿಗೆಯನ್ನು ಹಾಕಬೇಡಿ. ಎರಡನೆಯದಾಗಿ, ಸಂದೇಶಗಳ ರಾಶಿ ನೋಡಿ. ಒಂದೇ ಘಟಕದಿಂದ ಡೇಟಾ ಪಡೆಯುವ ಬೇರೆ ಬೇರೆ ವ್ಯವಸ್ಥೆಗಳು ಒಟ್ಟಿಗೆ ದೂರು ಹೇಳಿದರೆ ಆ ಒಂದು ಘಟಕದ ಕಡೆಗೇ ಬೆರಳು.

ಲಕ್ಷಣ: ಏನೂ ಇಲ್ಲ, ಮೆಮೊರಿಯಲ್ಲಿ ಮಾತ್ರ ಹಳೆಯ ದೋಷ

ಸಹಿಸಿಕೊಳ್ಳುವ ಸಿಸ್ಟಂ ದೋಷವನ್ನು ಮುಚ್ಚಿಯೂ ಇಡುತ್ತದೆ. 2005ರ ಆಗಸ್ಟ್ 1ರಂದು ಪರ್ತ್‌ನಿಂದ ಕ್ವಾಲಾಲಂಪುರಕ್ಕೆ ಹೊರಟ ಮಲೇಷ್ಯಾ ಏರ್‌ಲೈನ್ಸ್ 777, ಪೈಲಟ್ ಹೇಳದೆ ಮೂತಿ ಎತ್ತಿ 41,000 ಅಡಿಯ ತನಕ ಏರಿತು. ಅದರ ಏರ್ ಡೇಟಾ ಘಟಕದೊಳಗಿನ ಒಂದು ಆಕ್ಸೆಲೆರೋಮೀಟರ್ (ವೇಗದ ಬದಲಾವಣೆ ಅಳೆಯುವ ಸೆನ್ಸರ್) 2001ರ ಜೂನ್‌ನಲ್ಲೇ ಕೆಟ್ಟಿತ್ತು. ಸಾಫ್ಟ್‌ವೇರ್ ಅದನ್ನು ಬದಿಗಿಟ್ಟು ನಾಲ್ಕು ವರ್ಷ ನಡೆಸಿತು. 2005ರಲ್ಲಿ ಇನ್ನೊಂದು ಕೆಟ್ಟಾಗ, ಸಾಫ್ಟ್‌ವೇರ್‌ನಲ್ಲಿದ್ದ ತಪ್ಪಿನಿಂದ ಮೊದಲು ಕೆಟ್ಟದ್ದನ್ನೇ ಮತ್ತೆ ಬಳಸಿಕೊಂಡಿತು.

ಹಾಗಾಗಿ ದೊಡ್ಡ ಚೆಕ್‌ಗೆ ಬಂದಾಗಲೆಲ್ಲ ಸಂಗ್ರಹವಾದ ದೋಷಗಳ ಪಟ್ಟಿ ಓದಿಸಿ. ಈಗ ಎಷ್ಟು ಆಸರೆ ಬಾಕಿ ಇದೆ ಅಂತ ಎಣಿಸಿ.

ಲಕ್ಷಣ: ಎಲ್ಲಾ ಚಾನೆಲ್ ಒಟ್ಟಿಗೆ ಬಿದ್ದವು

ಒಂದಾದ ಮೇಲೆ ಒಂದು ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಎಲ್ಲಕ್ಕೂ ಸಮಾನವಾದದ್ದು ಏನು ಅಂತ ಹುಡುಕಿ. ರಿಗ್ ಆಗಿದ್ದರೆ ಮೊದಲು ಪವರ್ ಸಪ್ಲೈ ಮತ್ತು ಅರ್ತಿಂಗ್ ನೋಡಿ. ವಿಮಾನದಲ್ಲಿ ನಾಲ್ಕು ಬೇರೆ ಬೇರೆ ಮೂಲ ಇದ್ದರೂ ರಿಗ್ ಮೇಲೆ ಅನುಕೂಲಕ್ಕೆ ಒಂದೇ ಸಪ್ಲೈಗೆ ಕಟ್ಟಿರುತ್ತಾರೆ. ಆಮೇಲೆ ಎಷ್ಟು ಹೊತ್ತಿನಿಂದ ಪವರ್ ಆನ್ ಇದೆ ಕೇಳಿ. ಬೋಯಿಂಗ್ 787ರಲ್ಲಿ 22 ದಿನ ಪವರ್ ತೆಗೆಯದೆ ಬಿಟ್ಟರೆ ಮೂರೂ ಫ್ಲೈಟ್ ಕಂಟ್ರೋಲ್ ಮಾಡ್ಯೂಲ್‌ಗಳು ಒಟ್ಟಿಗೆ ರಿಸೆಟ್ ಆಗಬಹುದು ಅಂತ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2016ರಲ್ಲಿ ಎಚ್ಚರಿಸಿತು.

ಕೊನೆಗೆ ಸಾಫ್ಟ್‌ವೇರ್ ಆವೃತ್ತಿ. 2025ರ ಅಕ್ಟೋಬರ್ 30ರಂದು ಅಮೆರಿಕಕ್ಕೆ ಹೋಗುತ್ತಿದ್ದ ಒಂದು ಎ320 ಏಕಾಏಕಿ ಮೂತಿ ತಗ್ಗಿಸಿತು. ಸೂರ್ಯನ ತೀವ್ರ ವಿಕಿರಣ ಎಲಾಕ್‌ನ ಡೇಟಾ ಕೆಡಿಸಬಹುದು ಅಂತ ಏರ್‌ಬಸ್ ಹೇಳಿತು. ಸುಮಾರು 6000 ವಿಮಾನಗಳಿಗೆ ತಿದ್ದುಪಡಿ ಬೇಕಾಯಿತು. ಹೆಚ್ಚಿನವಕ್ಕೆ ಹಿಂದಿನ ಸಾಫ್ಟ್‌ವೇರ್ ಹಾಕಿದರೆ ಸಾಕಾಯಿತು. ಇಂಡಿಗೊ, ಏರ್ ಇಂಡಿಯಾ ಹ್ಯಾಂಗರ್‌ಗಳಲ್ಲೂ ಆ ವಾರಾಂತ್ಯ ಇದೇ ಕೆಲಸ ನಡೆಯಿತು. ಎಲ್ಲವೂ ಒಂದೇ ಥರ ಇದ್ದರೆ ಒಂದೇ ಕಾರಣಕ್ಕೆ ಎಲ್ಲವೂ ಬೀಳುತ್ತವೆ ಎಂದೇ 777ರ ಮೂರು ಲೇನ್‌ಗಳಿಗೆ ಇಂಟೆಲ್, ಮೋಟೊರೊಲಾ, ಎಎಂಡಿ ಹೀಗೆ ಮೂರು ಬೇರೆ ಪ್ರೊಸೆಸರ್ ಕೊಟ್ಟರು.

ಎಲ್ಲಾ ಚಾನೆಲ್ ಒಟ್ಟಿಗೆ ಬಿದ್ದ ವಿಮಾನದಲ್ಲಿ ಲೈನ್‌ನವರ ಕೆಲಸ ಅಲ್ಲಿಗೇ ನಿಲ್ಲಬೇಕು. ಪವರ್ ಮತ್ತೆ ಆನ್ ಮಾಡಿದರೆ ಮೆಮೊರಿಯಲ್ಲಿರುವ ಸಾಕ್ಷಿ ಅಳಿಸಿಹೋಗಬಹುದು. ರೆಕಾರ್ಡರ್ ಉಳಿಸಿ, ತಯಾರಕರನ್ನು ಕರೆಯಿರಿ.

ನಿಲ್ಲಿಸಿದ ಮೇಲೆ ಏನು ಬರೆಯಬೇಕು

2018ರ ಅಕ್ಟೋಬರ್ 28ರ ರಾತ್ರಿ ಡೆನ್ಪಸಾರ್‌ನಿಂದ ಜಕಾರ್ತಾಕ್ಕೆ ಬಂದ ಲಯನ್ ಏರ್ 737 ಮ್ಯಾಕ್ಸ್‌ನಲ್ಲಿ ಹೊಸದಾಗಿ ಹಾಕಿದ್ದ ಎಡ ಆಂಗಲ್ ಆಫ್ ಅಟ್ಯಾಕ್ ಸೆನ್ಸರ್ 21 ಡಿಗ್ರಿ ತಪ್ಪು ತೋರಿಸುತ್ತಿತ್ತು. ಎಂಕ್ಯಾಸ್ (ಮೂತಿ ತುಂಬಾ ಏರಿದೆ ಅನ್ನಿಸಿದರೆ ತಾನೇ ಇಳಿಸುವ ಸಾಫ್ಟ್‌ವೇರ್) ಆ ಒಂದೇ ಸೆನ್ಸರ್‌ನ ಮಾತು ಕೇಳಿ ಮೂತಿಯನ್ನು ಮತ್ತೆ ಮತ್ತೆ ಒತ್ತಿತು. ಕೋಲನ್ನು ನಡುಗಿಸಿ ಸ್ಟಾಲ್ ಎಚ್ಚರಿಕೆ ಕೊಡುವ ಸ್ಟಿಕ್ ಶೇಕರ್ ಹಾರಾಟದುದ್ದಕ್ಕೂ ನಡುಗಿತು. ಮೂತಿ ಒತ್ತುತ್ತಿದ್ದ ಟ್ರಿಮ್ ಮೋಟರ್‌ನ ಸ್ವಿಚ್ ಕಟ್ ಮಾಡಿ ಪೈಲಟ್‌ಗಳು ಇಳಿಸಿದರು. ಆದರೆ ಲಾಗ್‌ನಲ್ಲಿ ಬಂದದ್ದು ವೇಗ, ಎತ್ತರ ಹೊಂದುತ್ತಿಲ್ಲ ಮತ್ತು ಫೀಲ್ ಪ್ರೆಶರ್ (ಕೋಲಿಗೆ ಬಿಗಿ ಕೊಡುವ ವ್ಯವಸ್ಥೆಯ) ದೀಪ ಹತ್ತಿದೆ ಅನ್ನುವಷ್ಟೇ. ಶೇಕರ್ ಇಲ್ಲ, ಟ್ರಿಮ್ ಇಲ್ಲ. ಎಂಜಿನಿಯರ್ ಬರೆದದ್ದಕ್ಕೆ ತಕ್ಕ ಹಾಗೆ ಕೊಳವೆ ತೊಳೆದು, ಕನೆಕ್ಟರ್ ಒರೆಸಿ ಬಿಟ್ಟರು. ಮರುದಿನ ಬೆಳಿಗ್ಗೆ ಅದೇ ವಿಮಾನ ಬಿದ್ದು 189 ಜನ ತೀರಿಕೊಂಡರು.

ಪೈಲಟ್ ಬರೆದದ್ದು ಸಾಲದು ಅನ್ನಿಸಿದರೆ ಹುಡುಕಿಕೊಂಡು ಹೋಗಿ ಕೇಳಿ: “ಕೈಗೆ ಏನು ಗೊತ್ತಾಯ್ತು ಸರ್? ಶಬ್ದ ಬಂತಾ? ಯಾವ ಸ್ವಿಚ್ ಹಾಕಿದ್ರಿ?” ಪೆಟ್ಟಿಗೆ ಬಿಚ್ಚಿ ಶಾಪ್‌ಗೆ ಕಳಿಸುವಾಗ ಟ್ಯಾಗ್ ಮೇಲೆ ಬರೀ ‘ಫಾಲ್ಟ್’ ಅಂತ ಗೀಚಬೇಡಿ. ಸೀರಿಯಲ್ ನಂಬರ್, ಸಾಫ್ಟ್‌ವೇರ್ ಆವೃತ್ತಿ, ಯಾವ ಜಾಗದಲ್ಲಿತ್ತು, ನೆಲದ ಮೇಲೋ ಹಾರುವಾಗಲೋ, ಹೊರಗಿನ ಚಳಿ, ಯಾವ ಪವರ್ ಮೇಲೆ, ಎಷ್ಟು ಹೊತ್ತಿನಿಂದ ಆನ್ ಇತ್ತು, ರಿಸೆಟ್ ಎಷ್ಟು ಸಲ, ಅದಲುಬದಲು ಮಾಡಿದಾಗ ದೂರು ಎಲ್ಲಿಗೆ ಹೋಯಿತು, ಇಷ್ಟೂ ಬರೆಯಿರಿ. ದೋಷದ ಮೆಮೊರಿಯ ಪ್ರಿಂಟ್ ಜೊತೆಗಿಡಿ. ಒಂದು ಪ್ರತಿ ವಿಮಾನದ ಕಡತದಲ್ಲೂ ಇರಲಿ.